ಅಮ್ಮ ತಿಂದಾಯ್ತಾ?

ಅಂಗಡಿಯ ಹಿಂದಿನ ಕೋಣೆಯಿಂದ
ಹನ್ನೆರಡನೇ ತಾರೀಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಬುಗುರಿ,

ಹೇಗಿದ್ದೀಯ ಮಗಳೇ? ಕಿವಿಯೊಳಗಿನ ಗುಂಯ್ ಸದ್ದು ಕಡಿಮೆಯಾಯಿತೇ? ಎಂಜಿನ್ ಓಡಿಸುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ ಎಂದು ನೀನು ಮಾತು ಕೊಟ್ಟಿದ್ದೆ. ಇಟ್ಟುಕೊಳ್ಳುತ್ತಿಲ್ಲ ಎಂದು ನನಗೆ ಗೊತ್ತು, ಏಕೆಂದರೆ ಫೋನಿನಲ್ಲಿ ನೀನು ಇನ್ನೂ ಕೂಗಿಯೇ ಮಾತಾಡುತ್ತೀಯ. ನಾನೂ ಕೂಗಿಯೇ ಉತ್ತರಿಸುತ್ತೇನೆ. ಮಗಳು ಗೂಡ್ಸ್ ರೈಲಿನವಳು, ಅಪ್ಪ ಪುಡಿ ಯಂತ್ರದವನು, ಇಬ್ಬರೂ ಬಾಯಿ ತೆರೆದರೆ ಬೀದಿಗೆಲ್ಲ ಕೇಳುತ್ತದೆ ಎಂದು ಅಮ್ಮ ಎದ್ದು ಕಿಟಕಿ ಮುಚ್ಚುತ್ತಿದ್ದಳಲ್ಲ. ಅದಕ್ಕೇ ಈ ಸಲ ಫೋನು ಮಾಡದೆ ಬರೆಯುತ್ತಿದ್ದೇನೆ. ಇದು ಕೂಗಿ ಹೇಳುವ ಸುದ್ದಿಯಲ್ಲ. ನಿಮ್ಮ ಗಾರ್ಡ್ ಮಾಮ ಇವತ್ತು ಅತ್ತಲೇ ಬರುತ್ತಾರಂತೆ, ಅವರ ಕೈಯಲ್ಲೇ ಕೊಡುತ್ತೇನೆ.

ನಾನು ಚೆನ್ನಾಗಿದ್ದೇನೆ. ಅಡುಗೆ ಇನ್ನೂ ಕೈಗೆ ಹತ್ತಿಲ್ಲ. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಎರಡು ಸಲ ಹಾಕಿ, ಆಮೇಲೆ ನೀರು ಸುರಿದು, ಕೊನೆಗೆ ಯಾವ ಹೆಸರೂ ಇಲ್ಲದಂಥದ್ದನ್ನು ತಿನ್ನುತ್ತೇನೆ. ಮನೆ ಗುಡಿಸುತ್ತೇನೆ. ಅಮ್ಮ ಯಂತ್ರದ ಹತ್ತಿರ ಬರುವಾಗ ಮೂಗಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯನ್ನು ಮಾತ್ರ ಒಗೆದಿಲ್ಲ. ಅದು ಮೊಳೆಯಲ್ಲಿ ನೇತಾಡುತ್ತಿದೆ, ಬಾಯಿಯ ಜಾಗದಲ್ಲಿ ಹಳದಿ ಧೂಳು ಹಾಗೇ ಕೂತಿದೆ. ದಿನಚರಿ ಬರೆಯುವುದನ್ನು ಬಿಟ್ಟಿಲ್ಲ. ಈಚೆಗೆ ಅದರಲ್ಲಿ ಬರೆಯಲು ಹೆದರಿಕೆಯೊಂದು ಬಿಟ್ಟರೆ ಬೇರೇನೂ ಇರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಬೇರು, ತೊಗಟೆ, ಎಲೆಗಳ ಪುಡಿ ಮತ್ತು ಗುಳಿಗೆ ಮಾರುವವರಿಗೆಲ್ಲ ಹೊಸ ಕಾನೂನು ತರುತ್ತಾರಂತೆ. ಇನ್ನೂ ಕರಡು ಮಾತ್ರ. ರೇಡಿಯೋದಲ್ಲಿ ಓದಿದಾಗ ನಾನು ಜರಡಿ ಹಿಡಿಯುತ್ತಿದ್ದೆ, ಕೈ ಅಲ್ಲೇ ನಿಂತಿತು. ಪ್ರತಿಯೊಂದು ಪುಡಿಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಮಾರಬೇಕು. ಕೆಲವನ್ನು ಮಾರಲೇಬಾರದು. ಆ ಕೆಲವುಗಳಲ್ಲಿ ನಮ್ಮ ಕಹಿಬೇರು ಮೊದಲನೆಯದು. ಅದನ್ನು ಬಹಳ ದಿನ ತಿಂದವರಲ್ಲಿ ಕೆಲವರ ಲಿವರ್ ಕೆಟ್ಟಿದೆ ಎಂದು ಆಸ್ಪತ್ರೆಗಳಿಂದ ವರದಿ ಬಂದಿದೆಯಂತೆ. ಖಚಿತವಾಗಿ ಗೊತ್ತಿಲ್ಲ, ಗೊತ್ತಾಗುವವರೆಗೆ ನಿಲ್ಲಿಸುವುದು ಕ್ಷೇಮ, ಎಂದು ವಾರ್ತೆ ಓದುವ ಹೆಂಗಸು ನಿಧಾನವಾಗಿ ಹೇಳಿದರು. ಆಗ ನಾನು ಅಂಗಡಿಗಾಗಿ ಮಾತ್ರ ಹೆದರಿದೆ. ಕಹಿಬೇರು ಹೋದರೆ ನಮ್ಮ ಅಂಗಡಿಯಲ್ಲಿ ಉಳಿಯುವುದು ತಕ್ಕಡಿ ಮತ್ತು ನಾನು.

ನಮ್ಮ ಅಂಗಡಿಯದಷ್ಟೇ ಆಗಿದ್ದರೆ ಬಾಗಿಲು ಎಳೆದು ಸುಮ್ಮನಾಗಬಹುದಿತ್ತು. ಬೇರಿನಜ್ಜ ಇದ್ದಾನೆ. ಕಹಿಬೇರನ್ನು ಬೆಳೆದು, ಒಣಗಿಸಿ, ತನ್ನ ಲಟಾರಿ ವ್ಯಾನಿನಲ್ಲಿ ತರುತ್ತಾನೆ, ಮೂರು ವರ್ಷ ನೆಲದಲ್ಲಿದ್ದರೆ ಮಾತ್ರ ಆ ಬೇರು ಬಲಿಯುತ್ತದೆ. ಸುದ್ದಿ ಹೇಳಿದಾಗ ಅವನು, "ನೆಲದೊಳಗಿರೋದಕ್ಕೆ ಯಾರು ಹೇಳ್ತಾರಪ್ಪ ಬೆಳೀಬೇಡ ಅಂತ?" ಎಂದು ನಕ್ಕ. ನಕ್ಕವನು ವ್ಯಾನು ಹತ್ತಲು ಮರೆತು ಕಟ್ಟೆಯ ಮೇಲೇ ಕೂತುಬಿಟ್ಟ. ಎದುರು ಸಾಲಿನಲ್ಲಿ ಲೇಬಲ್ ಅಕ್ಕ ಇದ್ದಾಳೆ, ನಮ್ಮಂಥ ಸಣ್ಣ ಅಂಗಡಿಗಳ ಡಬ್ಬಿ ಚೀಟಿಗಳನ್ನೇ ನಂಬಿ ಮುದ್ರಣ ಯಂತ್ರ ಇಟ್ಟವಳು. ದೊಡ್ಡ ಕಂಪನಿಗಳು ಅವಳ ಬಾಗಿಲಿಗೆ ಬರುವುದಿಲ್ಲ. ಅವರಿಗೆ ಸ್ವಂತ ಮುದ್ರಣವಿದೆ, ಸ್ವಂತ ಪ್ರಯೋಗಾಲಯವಿದೆ. ಕಾನೂನು ಬಂದರೂ ಅವರು ಪರೀಕ್ಷೆ ಮಾಡಿಸಿ ಮುಂದೆ ಹೋಗುತ್ತಾರೆ. ನಮಗೆ ಇದ್ದ ಪ್ರಯೋಗಾಲಯವೆಂದರೆ ಅಮ್ಮನ ನಾಲಿಗೆ.

ಈಗ ನನ್ನ ಹೆದರಿಕೆ ಯಾವ ಮಟ್ಟಕ್ಕೆ ಹೋಗಿದೆ ಎಂದರೆ, ಮೊನ್ನೆ ಇಸ್ತ್ರಿ ಅಂಗಿಯವನೊಬ್ಬ ಅಂಗಡಿ ಮುಂದೆ ನಿಂತು ಬೋರ್ಡನ್ನೇ ನೋಡುತ್ತಿದ್ದ. ತಪಾಸಣೆಯವರು ಬಂದೇಬಿಟ್ಟರು ಎಂದುಕೊಂಡು ಷಟರ್ ಅರ್ಧ ಎಳೆದು, ಕಹಿಬೇರಿನ ಡಬ್ಬಿಗಳ ಮೇಲೆ ನನ್ನ ಹೊದಿಕೆ ಹಾಕಿ, ಅದರ ಮೇಲೆ ನಾನೇ ಕೂತೆ. ಅವನು ಬಗ್ಗಿ ನೋಡಿ, "ಗಡಿಯಾರ ರಿಪೇರಿಯವರ ಅಂಗಡಿ ಇದೇನಾ?" ಎಂದ. ಗೋಡೆ ಕಡೆ ಕೈ ತೋರಿಸಿದೆ. ಪಾಪ, ಗೋಡೆಯನ್ನೇ ನೋಡಿಕೊಂಡು ಹೋದ.

ನೀನು ಹುಟ್ಟುವ ಮೊದಲಿನಿಂದ ನಮ್ಮ ಅಂಗಡಿಯ ಪದ್ಧತಿ ಒಂದೇ. ಕಹಿಬೇರಾಗಲಿ ಬೇರೆಯದಾಗಲಿ, ಹೊಸದಾಗಿ ಪುಡಿ ಬೀಸಿದಾಗಲೆಲ್ಲ ಅಮ್ಮ ಒಂದು ವಾರ ದಿನವೂ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಬಿಸಿನೀರಿನ ಜೊತೆ ಒಂದು ಚಮಚ ತಾನೇ ತಿನ್ನುತ್ತಿದ್ದಳು. ಹೊಟ್ಟೆ ಕೆಡಲಿಲ್ಲ, ತಲೆ ಸುತ್ತಲಿಲ್ಲ ಎಂದಾದ ಮೇಲೆ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದಳು. ಬೀಸುವುದು ನನ್ನದು, ತಿನ್ನುವುದು ಅವಳದು. ಗಿರಾಕಿಗಳು ಡಬ್ಬಿಯ ಮೇಲೇನು ಬರೆದಿದೆ ಎಂದು ಓದುತ್ತಲೇ ಇರಲಿಲ್ಲ. ಬಾಗಿಲಲ್ಲೇ ನಿಂತು, "ಅಮ್ಮ ತಿಂದಾಯ್ತಾ?" ಎಂದು ಕೇಳುತ್ತಿದ್ದರು. "ಆಯ್ತು, ಆಯ್ತು, ಇನ್ನೂ ಉಸಿರಾಡ್ತಾ ಇದ್ದೀನಿ, ತಗೊಂಡು ಹೋಗಿ," ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು. ಈಗಲೂ ಮಂಡಿನೋವಿನ ಮೇಷ್ಟ್ರು ಬಂದಾಗ ಅಭ್ಯಾಸ ಬಲದಿಂದ "ಅಮ್ಮ ತಿಂದಾ..." ಎನ್ನುತ್ತಾರೆ, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ನಾನು ಪೊಟ್ಟಣ ಕಟ್ಟುವ ದಾರದ ತುದಿ ಹುಡುಕುವವನಂತೆ ಬಗ್ಗುತ್ತೇನೆ.

ನಾಳೆ ಅಧಿಕಾರಿಗಳು ಜನರ ಅಹವಾಲು ಕೇಳುವ ಸಭೆ ಇಟ್ಟಿದ್ದಾರೆ. ಅದಕ್ಕಾಗಿ ಮೊನ್ನೆ ಸಂಜೆ ನಮ್ಮ ಸಂಘದವರು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿದ್ದೆವು. ಅಧ್ಯಕ್ಷ ಮೀಸೆಯನ್ನು ನೀನು ಬಲ್ಲೆ, ಕೂದಲೆಣ್ಣೆ ಮಾರುವ ಬೋಳುತಲೆಯವನು. ತಲೆ ಜಾಹೀರಾತಿಗೆ ಬಾರದ ಕಾರಣ ಮೀಸೆ ಬೆಳೆಸಿದವನು. ಅವನು ನನ್ನ ಭುಜ ಹಿಡಿದು, "ನೀವೇ ಮಾತಾಡಬೇಕು ಭಾವ. ನಾನು ಬಾಯಿ ತೆಗೆದರೆ ವ್ಯಾಪಾರ ಅಂತಾರೆ, ನೀವು ತೆಗೆದರೆ ಸತ್ಯ ಅಂತಾರೆ," ಎಂದ. ಲೇಬಲ್ ಅಕ್ಕ ಬಿಡುತ್ತಾಳೆಯೇ? "ಇವರು ಒಂದು ವಾಕ್ಯ ಮುಗಿಸೋ ಹೊತ್ತಿಗೆ ಅಧಿಕಾರಿಗಳು ಊಟ ಮುಗಿಸಿ ಬಂದಿರ್ತಾರೆ," ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಹಳ ದಿನಗಳ ಮೇಲೆ ನಕ್ಕಿದ್ದು ಅಂದೇ. ಆಮೇಲೆ ಮೀಸೆ ನಾನು ಹೇಳಬೇಕಾದ್ದನ್ನು ಎದ್ದು ನಿಂತು, ಕೈ ಮುಗಿದು ತೋರಿಸಿದ. "ನನ್ನ ಹೆಂಡತಿ ಮಾರೋ ಮುಂಚೆ ಪ್ರತಿಯೊಂದು ಪುಡೀನೂ ತಾನೇ ತಿಂದು ನೋಡ್ತಿದ್ದಳು ಸ್ವಾಮಿ. ಇಷ್ಟು ವರ್ಷ ತಿಂದಳು. ಇದಕ್ಕಿಂತ ಪರೀಕ್ಷೆ ಇನ್ಯಾವುದು ಬೇಕು?" ಇಷ್ಟು ಹೇಳಿ ಕೂತುಬಿಡಿ ಭಾವ, ಸಭೆಯೇ ಅತ್ತುಬಿಡುತ್ತೆ, ಎಂದ.

ಲೇಬಲ್ ಅಕ್ಕ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಈಗ ನಿಮ್ಮ ಹೆಂಡತಿ ಎಲ್ಲಿದ್ದಾರೆ ಅಂತ ಅವರು ಕೇಳಿದರೆ?" ಎಂದಳು. ಮೀಸೆ, "ತೀರಿಕೊಂಡರು ಅನ್ನಲಿ. ಎಲ್ಲರೂ ಒಂದಿನ ತೀರಿಕೊಳ್ಳೋರೇ," ಎಂದ. "ಏನಾಗಿ ಅಂದರೆ?" ಎಂದು ಅವಳು ಬಹಳ ಮೆತ್ತಗೆ ಕೇಳಿದಳು. ಕೆಳಗೆ ಯಾವುದೋ ಟೈರಿನಿಂದ ಗಾಳಿ ಬಿಡುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು. ಬುಗುರಿ, ನಂಬುತ್ತೀಯೋ ಇಲ್ಲವೋ, ರೇಡಿಯೋದಲ್ಲಿ ಲಿವರ್ ಎಂಬ ಮಾತು ಕೇಳಿದ್ದೆ, ಆಸ್ಪತ್ರೆಯಲ್ಲೂ ಅದೇ ಮಾತು ಕೇಳಿದ್ದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆ ಕೋಣೆಯಲ್ಲಿ, ಆ ಗಾಳಿ ಹೋಗುವ ಸದ್ದಿನಲ್ಲಿ, ಎರಡೂ ಬಂದು ನನ್ನ ಎದುರು ಕೂತವು.

ಆಸ್ಪತ್ರೆಯ ಮೊದಲ ದಿನ ನೀನಿರಲಿಲ್ಲ, ನಿನ್ನ ರೈಲು ಎಲ್ಲೋ ಸಿಗ್ನಲಿಗೆ ನಿಂತಿತ್ತು. ಅಮ್ಮನ ಕಣ್ಣು ಹಳದಿಯಾಗಿತ್ತು. ಬೇರಿನ ಧೂಳು ಕಣ್ಣಿಗೆ ಹೋಗಿದೆ ಎಂದು ದಾರಿಯುದ್ದಕ್ಕೂ ಅವಳೇ ತಮಾಷೆ ಮಾಡಿದ್ದಳು. ವೈದ್ಯೆ ಒಳ್ಳೆಯವರು, ಕುರ್ಚಿ ಹತ್ತಿರ ಎಳೆದುಕೊಂಡು, "ಏನಾದರೂ ಮಾತ್ರೆ, ಔಷಧಿ ತಗೊಳ್ತೀರಾ ಅಮ್ಮ?" ಎಂದು ಕೇಳಿದರು. ಅಮ್ಮ, "ಇಲ್ಲಮ್ಮ, ತಲೆನೋವಿಗೂ ಏನೂ ನುಂಗಿದವಳಲ್ಲ," ಎಂದಳು. ವೈದ್ಯೆ ನನ್ನ ಕಡೆ ನೋಡಿದರು. ನಾನೂ ತಲೆಯಾಡಿಸಿದೆ. ಅದು ಸುಳ್ಳಲ್ಲ ಮಗಳೇ. ಪುಡಿ ತಿನ್ನುವುದು ನಮ್ಮ ಮನೆಯಲ್ಲಿ ಔಷಧಿಯ ಲೆಕ್ಕವೇ ಅಲ್ಲ, ಅದು ಕೆಲಸ. ಯಂತ್ರಕ್ಕೆ ಎಣ್ಣೆ ಬಿಟ್ಟ ಹಾಗೆ, ತಕ್ಕಡಿ ಒರೆಸಿದ ಹಾಗೆ. ಕೆಲಸವನ್ನು ಯಾರಾದರೂ ವೈದ್ಯರಿಗೆ ಹೇಳುತ್ತಾರೆಯೇ? ಕಡೆಯವರೆಗೂ ಅವರಿಗೆ ಕಾರಣ ಸಿಗಲಿಲ್ಲ. "ಕೆಲವು ಸಲ ಗೊತ್ತಾಗೋದೇ ಇಲ್ಲ," ಎಂದು ನನ್ನ ಕೈ ಹಿಡಿದು ಹೇಳಿದರು. ಆಸ್ಪತ್ರೆಯಿಂದ ವಾರದ ಮಟ್ಟಿಗೆ ಮನೆಗೆ ಕಳಿಸಿದಾಗ ಅಮ್ಮ ಮೊದಲು ಮಾಡಿದ್ದು ಏನು ಗೊತ್ತೇ? ನಾನು ಬೀಸಿಟ್ಟಿದ್ದ ಹೊಸ ಪುಡಿಗೆ ಚಮಚ ಹಾಕಿದ್ದು. ಗಿರಾಕಿಗಳು ಕಾಯ್ತಿದ್ದಾರೆ ಎಂದಳು.

ಕಹಿಬೇರಿನಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ. ಮೇಷ್ಟ್ರು ಅದನ್ನೇ ತಿಂದು ಕೋಲು ಬಿಟ್ಟು ನಡೆಯುತ್ತಿದ್ದಾರೆ, ಅದೂ ನಿಜ. ಆದರೆ ಮೇಷ್ಟ್ರು ತಿನ್ನುವುದು ಚಳಿಗೆ ಮಂಡಿ ಹಿಡಿದಾಗ ಮಾತ್ರ, ಅಮ್ಮ ತಿಂದಿದ್ದು ಒಬ್ಬೊಬ್ಬ ಗಿರಾಕಿಯ ಪರವಾಗಿಯೂ. ನಾಳೆ ಎದ್ದು ನಿಂತಾಗ ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ. ಮೀಸೆ ಹೇಳಿಕೊಟ್ಟದ್ದನ್ನು ಹೇಳಿದರೆ ಅಮ್ಮನನ್ನು ಸಾಕ್ಷಿಗೆ ಎಳೆದು ತಂದು ಅರ್ಧ ಮಾತಾಡಿಸಿದಂತೆ. ಪೂರ್ತಿ ಹೇಳಿದರೆ ಬೇರಿನಜ್ಜನ ನೆಲ, ಲೇಬಲ್ ಅಕ್ಕನ ಯಂತ್ರ, ಈ ಸಾಲಿನ ಅಂಗಡಿಗಳೆಲ್ಲ ನನ್ನೊಬ್ಬನ ಬಾಯಿಂದ ಮುಚ್ಚುತ್ತವೇನೋ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಮೊದಲ ಮಾತಿಗೇ ನಿಲ್ಲಿಸಿ ಕನ್ನಡಿ ಒರೆಸತೊಡಗುತ್ತೇನೆ. ಯಂತ್ರ ಮೊನ್ನೆಯಿಂದ ಓಡಿಸಿಲ್ಲ. ಅದು ಸುಮ್ಮನಿರುವಾಗ ಈ ಕೋಣೆಯಲ್ಲಿ ಎಷ್ಟೊಂದು ಸದ್ದುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ, ಒಂದೊಂದಕ್ಕೂ ಬೆಚ್ಚುತ್ತೇನೆ.

ಗಾರ್ಡ್ ಮಾಮ ಬರುವ ಹೊತ್ತಾಯಿತು. ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮುಂದಿನ ಹಳಿ ಯಾವಾಗಲೂ ಖಾಲಿಯಾಗಿರಲಿ, ಹೋದಲ್ಲೆಲ್ಲ ಹಸಿರು ದೀಪವೇ ಸಿಗಲಿ.

ನಿನ್ನ
ಅಪ್ಪ

ಲಕೋಟೆ ಅಂಟಿಸುವ ಮುನ್ನ: ಗಾರ್ಡ್ ಮಾಮ ಬಂದು ಹೊರಗೆ ನಿಂತಿದ್ದಾರೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ರಜೆಗೆ ಬಂದಾಗಲೆಲ್ಲ ನೀನೂ ಅಮ್ಮನ ಪಕ್ಕ ನಿಂತು, ಪಂದ್ಯ ಕಟ್ಟಿದವಳ ಹಾಗೆ ಮುಖ ಕಿವುಚದೆ ಒಂದು ಚಮಚ ಪುಡಿ ನುಂಗುತ್ತಿದ್ದೆ. ಅವಳು ಹೋದ ಮೇಲೆ ಬಂದಾಗ ಅವಳ ಬದಲು ವಾರವಿಡೀ ನೀನೇ ತಿಂದೆ, ಮಗಳು ತಿಂದಾಯ್ತು ಎಂದು ಬಾಗಿಲಲ್ಲಿ ನಿಂತು ಕೂಗಿದವನು ನಾನು. ಇದನ್ನು ಓದಿದ ಕೂಡಲೇ ರೈಲ್ವೆ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಡು. ಇಷ್ಟು ವರ್ಷ ಅದರ ಧೂಳು ಕುಡಿದ ನಾನೂ ನಿನ್ನೆ ಕೊಟ್ಟು ಬಂದೆ, ಉತ್ತರ ಇನ್ನೂ ಬಂದಿಲ್ಲ. ಏನಾದರೂ ತಗೊಳ್ತೀರಾ ಎಂದು ಕೇಳಿದರೆ ಇಲ್ಲ ಅನ್ನಬೇಡ ಮಗಳೇ, ಕಹಿಬೇರು ಅನ್ನು. ಅವರು ಕೇಳದಿದ್ದರೂ ಹೇಳು. ನಾಳೆ ನಾನೂ ಹೇಳುತ್ತೇನೆ.