ಎಮ್ಮೆಯ ಕಣ್ಣು

ಜೂನ್ ೩, ಚಿಕ್ಕೋಡಿ

ನಾವು ಮಕ್ಕಳಿಗೆಂದು ಮಾಡುತ್ತಿರುವ ಗೇಮ್‌ನ ನಾಲ್ಕನೇ ಲೆವೆಲ್ ಇನ್ನೂ ಸಪ್ಪೆ. ಟಚ್‌ಸ್ಕ್ರೀನ್ ಮೇಲೆ ಎರಡು ಚಿತ್ರ — ಒಂದು ಜಗತ್ಪ್ರಸಿದ್ಧ, ಇನ್ನೊಂದು ನಕಲಿ. ಮಗು ಅಸಲಿಯನ್ನು ಮುಟ್ಟಬೇಕು. ತಪ್ಪಿದರೆ ಬರೀ ‘ಟುಂಯ್’. ಕೋಡಿಂಗ್ ಮಾಡುವ ಜಾವೇದ ಆಕಳಿಸಿದ. “ಅಕ್ಕಾರ, ಹುಡುಗೂರಿಗೆ ಮಜಾ ಬರೂದು ಇನ್ನೊಬ್ರು ತಪ್ಪಿದಾಗರಿ.” ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಜೂನ್ ೪

ಬಸ್ಸಿನಲ್ಲಿ ಹೊಳೆಯಿತು. ತಪ್ಪಿದರೆ ಕತ್ತೆ ಕೂಗಬೇಕು. ಚಿತ್ರ ಎರಡು ಹೋಳಾಗಿ ಹರಿಯಬೇಕು.

ನಾನಾಗ ಆರನೇ ಇಯತ್ತೆ, ರಾಯಬಾಗದ ಶಾಲೆ. ಡ್ರಾಯಿಂಗ್ ಕಲಿಸುತ್ತಿದ್ದ ಸತ್ತೆಪ್ಪ ಮಾಸ್ತರು ನನ್ನ ನವಿಲಿನ ಚಿತ್ರ ಎತ್ತಿ ಹಿಡಿದು, “ಕತ್ತಿ ಕಾಲಿಲೆ ತಗದೀಯೇನ ಬೇ?” ಎಂದರು. ಹರಿದು ಎರಡು ಹೋಳು ಮಾಡಿ ನನ್ನ ಬೆನ್ನಿಗೆ ಪಿನ್ ಹಾಕಿ ಸಿಕ್ಕಿಸಿದರು. ಎಲ್ಲ ವರ್ಗಗಳಿಗೂ ಮೆರವಣಿಗೆ. ಹತ್ತನೆಯವರೆಗೂ ನನ್ನ ಹೆಸರು ಕತ್ತೆಕಾಲು. ಆಮೇಲೆ ಪೆನ್ಸಿಲ್ ಹಿಡಿಯಲಿಲ್ಲ, ಮೌಸ್ ಹಿಡಿದೆ.

ನಕಲಿ ಚಿತ್ರ ಯಾರದು ಹಾಕಬೇಕೆಂದು ಈಗ ಗೊತ್ತು.

ಜೂನ್ ೯, ರಾಯಬಾಗ

ಮಾಸ್ತರಿಗೆ ವಯಸ್ಸಾಗಿದೆ. ಬಾಯಲ್ಲಿ ಮೂರೇ ಹಲ್ಲು. ಗುರುತು ಹಿಡಿದರು! “ಉಜ್ವಲಾ! ನವಿಲ ಭಾಳ ಚಂದ ತಗೀತಿದ್ದಿ ನೀ.” ಹರಿದದ್ದು ಅವರಿಗೆ ನೆನಪೇ ಇಲ್ಲ... ಬೆನ್ನು ಉರಿಯಿತು. ನೆನಪಿದ್ದು ತಲೆ ತಗ್ಗಿಸಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ.

ಗೋಡೆಗೆ ಆನಿಸಿಟ್ಟ ಹಲಗೆ. ಅದರ ಮೇಲೆ ಜಪಾನಿನ ಆ ಜಗತ್ಪ್ರಸಿದ್ಧ ಚಿತ್ರದ ದೊಡ್ಡ ಅಲೆ. ಹಳೆಯ ಕ್ಯಾಲೆಂಡರ್ ನೋಡಿ ಬರೆದದ್ದು. ಆದರೆ ದೋಣಿಯ ಜಾಗದಲ್ಲಿ ಎಮ್ಮೆ. “ಹೊಳಿಗೆ ಮಹಾಪೂರ ಬಂದಾಗ ಉಗಾರದಾಗ ನಮ್ಮ ತಂಗೀ ಎಮ್ಮಿ ಹಿಂಗ ತೇಲಿ ಹೋತವಾ. ಕಣ್ಣ ಮಾತ್ರ ನನ್ನ ಕಡೇನ ಇತ್ತು.”

ಬಗ್ಗಿ ಆ ಕಣ್ಣನ್ನು ಹತ್ತಿರದಿಂದ ನೋಡಿದೆ. ನಮ್ಮ ಇಡೀ ಗೇಮ್‌ನಲ್ಲಿ ಇಂಥದ್ದೊಂದಿಲ್ಲ. ಆದರೂ ಫೋಟೋ ತೆಗೆದೆ. “ಜಗತ್ತಿನ ಚಿತ್ರದ ಜೋಡಿ ಇಡತೇನ್ರಿ ಸರ್.” ಸುಳ್ಳೇನಲ್ಲ.

ಜೂನ್ ೨೯, ನಿಪ್ಪಾಣಿ

ಮಕ್ಕಳ ಗ್ರಂಥಾಲಯದಲ್ಲಿ ಗೇಮ್ ಉದ್ಘಾಟನೆ. ಮಾಸ್ತರು ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ. ಮೊದಲ ಬೆರಳು ಅವರದೇ ಆಗಲೆಂದು ನಾನೇ ಕರೆದೆ. ತಮ್ಮ ಅಲೆ ಕಂಡು ಮುಖ ಅರಳಿತು. ಮುಟ್ಟಿದರು. ಕತ್ತೆ ಕೂಗಿತು. ಅಲೆ ಎರಡಾಗಿ ಹರಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಬೆರಳೇ ಸರಿಯಿಲ್ಲವೆಂದುಕೊಂಡರು ಪಾಪ — ಧೋತರಕ್ಕೆ ಒರೆಸಿಕೊಂಡು ಮತ್ತೆ ಮುಟ್ಟಿದರು. ಮತ್ತೆ ಕತ್ತೆ. ಮೂರನೇ ಸಲ ಮಕ್ಕಳೇ ಕೂಗಿದವು.

ನಾನೂ ನಕ್ಕೆ. ಇಪ್ಪತ್ತೆರಡು ವರ್ಷ ಕೂಡಿಟ್ಟ ನಗು. ಊಟ ಚೆನ್ನಾಗಿ ಸೇರಿತು.

ಜುಲೈ ೧೭

ಎರಡೂವರೆ ವಾರ ಬರೆಯಲಾಗಲಿಲ್ಲ. ಆ ಚಿತ್ರ ತೆಗೆದುಬಿಡು ಎಂದೆ ಜಾವೇದನಿಗೆ. “ಎಲ್ಲೆಲ್ಲಿ ತಗೀಲ್ರಿ ಅಕ್ಕಾರ? ಅಥಣಿ, ಕಾಗವಾಡ, ಹಾರೂಗೇರಿ... ಎಲ್ಲಾ ಊರ ಸಾಲಿಗೂ ಗೇಮ್ ಹೋಗೇತಿ. ಕತ್ತಿ ಸಲುವಾಗೇ ತಗೊಂಡಾರ. ನಮ್ಮ ಕಂಪನಿ ಸಾಹೇಬ್ರು ತಗೀಬ್ಯಾಡ ಅಂದಾರ.”

ರಾಯಬಾಗದ ಶಾಲೆಯಲ್ಲೂ ಆ ಚಿತ್ರ ಯಾರದೆಂದು ಗೊತ್ತಾಗಿ, ಮಾಸ್ತರು ಹಾಲು ತರಲು ಹೊರಟರೆ ಹುಡುಗರು ಹಿಂದಿನಿಂದ ಕತ್ತೆಯಂತೆ ಕೂಗುತ್ತಾರಂತೆ. ನಾನು ಹೊತ್ತದ್ದನ್ನು ಈಗ ಅವರು ಹೊತ್ತಿದ್ದಾರೆ. ಖುಷಿಯಾಗಬೇಕಿತ್ತು.

ಆಗಸ್ಟ್ ೨, ಮಧ್ಯಾಹ್ನ

ಮಾಸ್ತರು ಆಫೀಸಿಗೆ ಬಂದಿದ್ದಾರೆ. ಎರಡು ಬಸ್ಸು ಬದಲಿಸಿ, ಬಗಲಲ್ಲಿ ಪೇಪರ್ ಸುತ್ತಿದ ಹಲಗೆ ಹಿಡಿದು. ನನ್ನ ಮೇಲೆ ಸಿಟ್ಟಿಲ್ಲ. “ನಂದ ತಪ್ಪವಾ. ಹದಿನೈದ ದಿವಸ ಕುಂತು ತಿದ್ದೀನಿ. ಕ್ಯಾಲೆಂಡರಿನ್ಯಾಗ ಹೆಂಗೈತಿ, ಹಂಗ.”

ಬಿಚ್ಚಿದೆ. ಅದೇ ಹಲಗೆ. ಎಮ್ಮೆಯ ಮೇಲೆ ಬಣ್ಣ ಬಳಿದು ದೋಣಿ ಬರೆದಿದ್ದಾರೆ. ಕಣ್ಣಿದ್ದಲ್ಲಿ ದಪ್ಪನೆಯ ನೀಲಿ.

“ಇನ್ನ ಕತ್ತಿ ಕೂಗೂದಿಲ್ಲಲ್ಲ?”

ಚಹಾ ತರುತ್ತೇನೆಂದು ಒಳಗೆ ಬಂದು ಕೂತಿದ್ದೇನೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ಹೋಗಿ ಹೇಳಬೇಕು. ಸರ್, ಎಮ್ಮೆ ತಪ್ಪಾಗಿರಲಿಲ್ಲ, ತಪ್ಪು —