ನಾಲ್ಕು ಗಂಟೆಯ ಮೆಟ್ಟಿಲು

ಜೂನ್ 9, ಸೋಮವಾರ
ಮೊಲ ಬಂತು, ಬಂತು, ನಿಜವಾಗ್ಲೂ ನಮ್ಮನೆಗೆ ಮೊಲ ಬಂತು! ಬೂದು ಬಣ್ಣ, ಎರಡು ಕಿಲೋ, ಒಂದು ಕಿವಿ ಮಾತ್ರ ಸ್ವಲ್ಪ ಬಾಗಿದೆ. ಶಿವಮೊಗ್ಗದಲ್ಲಿ ಯಾರಿಗೋ ಟ್ರಾನ್ಸ್‌ಫರ್ ಆಗಿ ಅಡಾಪ್ಷನ್‌ಗೆ ಹಾಕಿದ್ದರು. ಜ್ಞಾನೇಶ್ ಬೈಕ್ ಓಡಿಸಿದರು. ನಾನು ಬುಟ್ಟಿ ತೊಡೆ ಮೇಲಿಟ್ಟುಕೊಂಡು ಮಲವಗೊಪ್ಪದಿಂದ ನಮ್ಮ ನ್ಯೂ ಟೌನ್ ಮನೆವರೆಗೂ ಅದಕ್ಕೆ ಹಾಡು ಹೇಳಿದೆ. ಮದುವೆಯಾಗಿ ಆರು ವಾರ. ಗಂಡ, ಮೊಲ, ಹಿತ್ತಲಿರೋ ಮನೆ — ಇನ್ನೇನು ಬೇಕು? ಹೆಸರು ಮಫಿನ್.
ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. "ಮಫ್... ಏನದು? ನನ್ನ ಬಾಯಿಗೆ ಬರಲ್ಲ ಮಾರಾಯ್ತಿ. ಬೂದಿ ಅಂತೀನಿ."

ಜೂನ್ 13
ಜ್ಞಾನೇಶ್‌ಗೆ ಮಾಚೇನಹಳ್ಳಿ ಫ್ಯಾಕ್ಟರಿಯಲ್ಲಿ ಡಬಲ್ ಶಿಫ್ಟ್. ಬರ್ತಾರೆ, ಉಣ್ತಾರೆ, ಮಲಗ್ತಾರೆ. ಮಲಗಿದಾಗಲೂ ಎಷ್ಟು ಚೆನ್ನಾಗಿದ್ದಾರೆ! ಆದರೆ ಮಲಗಿರ್ತಾರೆ.
ಮೂರರಿಂದ ಐದು ನನ್ನ ಆನ್‌ಲೈನ್ ಸ್ಪೋಕನ್ ಇಂಗ್ಲಿಷ್ ಕ್ಲಾಸ್. ರೂಮಿನ ಬಾಗಿಲು ಹಾಕಿಕೊಂಡು ಇಪ್ಪತ್ತು ಜನಕ್ಕೆ "ಹೌ ವಾಸ್ ಯುವರ್ ಡೇ?" ಕೇಳ್ತೀನಿ. ನನ್ನನ್ನು ಯಾರೂ ಕೇಳಲ್ಲ. ಅತ್ತೆ ಜೊತೆ ದಿನಕ್ಕೆ ಮೂರು ಮಾತು — ಹಾಲು ಬಂತಾ, ಸಾರಿಗೆ ಉಪ್ಪು ಸಾಕಾ, ದೀಪ ಹಚ್ಚಿದೆಯಾ. ಮಾವ ಹೋಗಿ ಮೂರು ವರ್ಷವಂತೆ. ಅದನ್ನೂ ಜ್ಞಾನೇಶ್ ಹೇಳಿದ್ದು.
ಮಫಿನ್‌ಗೆ ಮಾತ್ರ ಎಲ್ಲ ಹೇಳ್ತೀನಿ.
ಆದರೆ ತುಂಬಾ ನೀರು ಕುಡಿಯುತ್ತೆ. ಅರ್ಧ ಲೀಟರ್ ಬಾಟಲಿ ಸಂಜೆಗೇ ಖಾಲಿ.

ಜೂನ್ 17
ಅಡುಗೆಮನೆಯ ಅಳತೆ ಲೋಟದಲ್ಲಿ ನೋಡಿದೆ. ಒಂದು ದಿನಕ್ಕೆ ಆರುನೂರ ಇಪ್ಪತ್ತು ಎಂಎಲ್! ಇದರ ಅರ್ಧವೂ ಜಾಸ್ತಿಯಂತೆ. ಗೂಡಿನ ಪೇಪರ್ ದಿನಕ್ಕೆ ಮೂರು ಸಲ ಒದ್ದೆ. ಒಣಹುಲ್ಲು ಹಾಗೇ ಇದೆ. ಗೂಗಲ್ ಮಾಡಿದೆ, ಮಾಡಬಾರದಿತ್ತು. ಕಿಡ್ನಿ, ಡಯಾಬಿಟಿಸ್, ಕಿಡ್ನಿ, ಕಿಡ್ನಿ.
ಜ್ಞಾನೇಶ್ ಅರ್ಧ ನಿದ್ದೆಯಲ್ಲಿ — "ಸೆಕೆ ಇರಬೇಕು ಬಿಡು."

ಜೂನ್ 19
ಬುಟ್ಟಿ ಹಿಡಿದು ಬಸ್ಸಲ್ಲಿ ಶಿವಮೊಗ್ಗಕ್ಕೆ ಒಬ್ಬಳೇ ಹೋದೆ. ಡಾಕ್ಟರ್ ಭೂಮಿಕಾ ರಕ್ತ ತಗೊಂಡರು, ರಿಪೋರ್ಟ್‌ಗೆ ಒಂದು ವಾರ.
"ಕಿಡ್ನಿ ಇರಬಹುದು, ಈಗಲೇ ಹೇಳೋಕಾಗಲ್ಲ. ಏನೇನು ತಿನ್ನಿಸ್ತೀರಿ?"
"ಹುಲ್ಲು, ಕೊತ್ತಂಬರಿ, ಅಷ್ಟೇ ಮೇಡಂ. ಪ್ರಾಮಿಸ್."
ವಾಪಸ್ ಬರುವಾಗ ಬುಟ್ಟಿಯೊಳಗೆ ಕೈ ಇಟ್ಟುಕೊಂಡೇ ಇದ್ದೆ. ಇದೂ ಹೋದರೆ ಈ ಊರಲ್ಲಿ ನಾನು ಯಾರ ಹತ್ರ ಮಾತಾಡ್ಲಿ?

ಜೂನ್ 24

ನಾಲ್ಕು ಗಂಟೆಗೆ ಕರೆಂಟ್ ಹೋಯಿತು, ಕ್ಲಾಸ್ ನಿಂತಿತು. ರೂಮಿಂದ ಹೊರಗೆ ಬಂದೆ. ಹಿತ್ತಲ ಮೆಟ್ಟಿಲ ಮೇಲೆ ಅತ್ತೆ. ಪಕ್ಕದಲ್ಲಿ ಮಫಿನ್. ಮಧ್ಯೆ ಒಂದು ತಟ್ಟೆ ಮಂಡಕ್ಕಿ. ತಾವೊಂದು ಹಿಡಿ, ಅದಕ್ಕೊಂದು ಹಿಡಿ.
"ನಿಮ್ಮಜ್ಜ ಇದ್ದಾಗ ನಾಲ್ಕು ಗಂಟೆಗೆ ಇಲ್ಲೇ ಕೂರ್ತಿದ್ವಿ ಕಣೋ ಬೂದಿ. ಈಗ ನಿಮ್ಮಮ್ಮ ಬಾಗಿಲು ಹಾಕ್ಕೊಂಡು ಊರಿಗೆಲ್ಲ ಇಂಗ್ಲಿಷ್ ಹೇಳ್ತಾಳೆ. ನಾವಿಬ್ಬರು ಯಾರಿಗೆ ಹೇಳೋಣ, ಹೇಳು."
ನಾನು ತಟ್ಟೆ ಕಿತ್ತುಕೊಂಡೆ.
"ಸಾಯಿಸ್ತಿದ್ದೀರ ಅತ್ತೆ ನೀವು ಇದನ್ನ."
"ಬರೀ ಮಂಡಕ್ಕಿ ಕಣೇ. ಖಾರ ಹಾಕಿಲ್ಲ, ಎಣ್ಣೆ ಹಾಕಿಲ್ಲ..."
"ನಿಮಗೆ ಏನೂ ಗೊತ್ತಾಗಲ್ಲ."
ಅವರು ಎದ್ದು ಸೆರಗಿನ ಮೇಲೆ ಬಿದ್ದಿದ್ದ ಮಂಡಕ್ಕಿ ಒಂದೊಂದೇ ಆರಿಸಿಕೊಂಡರು. ಒಳಗೆ ಹೋದರು.

ಜೂನ್ 26
ಅತ್ತೆ ಮೈಸೂರಿಗೆ ಹೋದರು, ಮಗಳು ಮಧು ಅಕ್ಕನ ಮನೆಗೆ. "ಸ್ವಲ್ಪ ದಿನ ಇದ್ದು ಬರ್ತೀನಿ" ಅಂತ ಜ್ಞಾನೇಶ್‌ಗೆ ಹೇಳಿದರು. ನನಗೆ — "ಫ್ರಿಜ್ಜಲ್ಲಿ ಹಿಟ್ಟಿದೆ."

ಜೂನ್ 28
ರಿಪೋರ್ಟ್ ಬಂತು. ಕಿಡ್ನಿ ಪೂರ್ತಿ ಸರಿ! ಡಾಕ್ಟರ್‌ಗೆ ಮಂಡಕ್ಕಿ ವಿಷಯ ಹೇಳಿದೆ. ನಕ್ಕರು. ಹುರಿಯೋ ಮುಂಚೆ ಅಕ್ಕಿಗೆ ಉಪ್ಪುನೀರು ಹಾಕ್ತಾರಂತೆ. ದಿನಾ ಅಷ್ಟು ಉಪ್ಪು, ಅದಕ್ಕೇ ಅಷ್ಟು ನೀರು. "ನಿಲ್ಲಿಸಿದಿರಲ್ಲ, ಸರಿಹೋಗುತ್ತೆ."
ಇವತ್ತು ಇನ್ನೂರ ಹತ್ತು ಎಂಎಲ್. ಹುಲ್ಲೂ ತಿಂತು. ಯಾರಿಗಾದರೂ ಕೂಗಿ ಹೇಳಬೇಕು ಅನ್ನಿಸಿ ಅಡುಗೆಮನೆಗೆ ಓಡಿದೆ.
ಯಾರೂ ಇಲ್ಲ.

ಜುಲೈ 5
ನಾಲ್ಕು ಗಂಟೆಯಾದರೆ ಮಫಿನ್ ಹಿತ್ತಲ ಮೆಟ್ಟಿಲಿಗೆ ಹೋಗಿ ಕೂರುತ್ತೆ. ಕೊತ್ತಂಬರಿ ಇಟ್ಟರೂ ಮೂಸಿ ಸುಮ್ಮನಾಗುತ್ತೆ. ಹೆಜ್ಜೆ ಸದ್ದಾದರೆ ತಿರುಗಿ ನೋಡುತ್ತೆ, ನಾನು ಅಂತ ಗೊತ್ತಾದರೆ ಮತ್ತೆ ಆ ಕಡೆ.
ಮಧ್ಯಾಹ್ನದ ಕ್ಲಾಸ್ ಬೆಳಿಗ್ಗೆಗೆ ಹಾಕಿದೆ. ನಾನೂ ಅದರ ಪಕ್ಕ ಕೂರ್ತೀನಿ. ಈ ಮೆಟ್ಟಿಲು ಇಬ್ಬರಿಗೆ ಸರಿಯಾಗುವಷ್ಟು ಅಗಲ ಇದೆ. ಮೊದಲು ಗಮನಿಸಿರಲಿಲ್ಲ.
ಅತ್ತೆಗೆ ಫೋನ್ ಮಾಡಬೇಕು. ಸಾರಿ ಅಂದರೆ ಬಸ್ಸಲ್ಲಿ ಕಾಲು ತುಳಿದ ಹಾಗೆ. ಕ್ಷಮಿಸಿ ಅಂದರೆ ನ್ಯೂಸ್ ಓದಿದ ಹಾಗೆ. ನನಗೆ ಇಪ್ಪತ್ತು ಜನಕ್ಕೆ ಮಾತು ಕಲಿಸೋಕೆ ಬರುತ್ತೆ...

ಜುಲೈ 10, ಗುರುವಾರ
ಮೆಟ್ಟಿಲ ಮೇಲೆ ಕೂತ ಮಫಿನ್ ಫೋಟೋ ಕಳಿಸಿದೆ. ಏನೂ ಬರೆಯಲಿಲ್ಲ. ಎರಡು ನಿಮಿಷಕ್ಕೆ ಫೋನ್ ಬಂತು.
"ಬೂದಿ ಯಾಕೆ ಸಣ್ಣಗಾಗಿದೆ?"
"ಚೆನ್ನಾಗಿದೆ ಅತ್ತೆ. ಕಿಡ್ನಿಗೆ ಏನೂ ಆಗಿಲ್ಲ. ನೀರೂ ಅಳತೆಗೆ ಕುಡಿತಿದೆ. ಆದರೆ ದಿನಾ ನಾಲ್ಕು ಗಂಟೆಗೆ ಅಲ್ಲಿ ಕೂರುತ್ತೆ."
ಆ ಕಡೆ ಟಿವಿ ಸದ್ದು ಕಮ್ಮಿಯಾಯಿತು.
"ನಾನೂ ಕೂರ್ತೀನಿ" ಅಂದೆ. "ಅವತ್ತು ನಾನು ಹಾಗೆ ಅನ್ನಬಾರದಿತ್ತು ಅತ್ತೆ."
"ನೀನು ಕೂತರೆ ಕ್ಲಾಸು?"
"ಬೆಳಿಗ್ಗೆಗೆ ಹಾಕಿದೀನಿ."
ಆ ಕಡೆ ಮೂಗು ಒರೆಸಿದ ಸದ್ದು.
"ನೀನಾದರೂ ಮಂಡಕ್ಕಿ ತಿನ್ನಬಹುದೇನೇ, ಅಥವಾ ಅದಕ್ಕೂ ಡಾಕ್ಟರನ್ನ ಕೇಳಬೇಕಾ?"
ಇಬ್ಬರೂ ನಕ್ಕೆವು. ಮಫಿನ್ ಆ ಬಾಗಿದ ಕಿವಿ ಎತ್ತಿತು. ಅತ್ತೆ ಟಿಕೆಟ್ ನೋಡೋಕೆ ಮಧು ಅಕ್ಕನನ್ನು ಕೂಗಿದರು.
ಮರೆಯಬಾರದು ಅಂತ ಬರೆದಿಡ್ತಿದೀನಿ. ಭಾನುವಾರ, ತಾಳಗುಪ್ಪ ಇಂಟರ್‌ಸಿಟಿ ರೈಲಿಗೆ ಅತ್ತೆ ಬರ್ತಾರೆ.