ಜಪಾನಿ ಕ್ಯಾಸೆಟ್ಟಿನ ಕೊನೆ

ನನ್ನ ಬಾಯಿಬಡುಕ ಅಣ್ಣನಿಗೆ,

ಕಾಕಾ ದುಬೈನಿಂದ ಮಾನ್ವಿಯ ನಮ್ಮ ಮನೆಗೆ ವಿಸಿಆರ್ ತಂದ ದಿನ ನೆನಪಿದೆಯಾ? ಜೊತೆಗೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದು ಜಪಾನಿ ಕಾರ್ಟೂನು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ನೀನು ಎದ್ದು ಟಿವಿ ಪಕ್ಕ ನಿಂತು, ಎಲ್ಲ ಬಲ್ಲವನ ಹಾಗೆ ನಮ್ಮ ಮಾತಿನಲ್ಲಿ ಕಥೆ ಹೇಳತೊಡಗಿದೆ. ಆಕಾಶದಿಂದ ಉರಿಯುವ ಗುಂಡೊಂದು ಬಿದ್ದು, ಸಮುದ್ರ ಉಕ್ಕಿ ಊರೇ ಮುಳುಗಿತ್ತು. ಉಳಿದದ್ದು ಒಂದು ಕಬ್ಬಿಣದ ದೋಣಿ, ಅದರಲ್ಲಿ ಆರು ಮಂದಿ ಮಕ್ಕಳು. ಅವರಿಗೆಲ್ಲ ನಮ್ಮ ಓಣಿಯವರ ಹೆಸರಿಟ್ಟೆ. ಸದಾ ಅಳುವ ಹುಡುಗಿಗೆ ನನ್ನ ಹೆಸರು, ಬ್ಯಾಟರಿ ದೀಪ ಹಿಡಿದು ಮುಂದೆ ನಿಲ್ಲುವವನಿಗೆ ನಿನ್ನದು. ಎಂಥ ಸಿಟ್ಟು ಬಂದಿತ್ತು ನನಗೆ.

ದೋಣಿ ದಂಡೆಯ ಹತ್ತಿರ ಬರುವಾಗ ಪ್ರತಿ ಸಲ ರೀಲು ಸಿಕ್ಕಿಕೊಳ್ಳುತ್ತಿತ್ತು. "ಮಿಷನ್ ಕೆಡ್ತದಲೇ, ಬಂದ್ ಮಾಡು" ಎಂದು ಕಾಕಾ ಗದರುತ್ತಿದ್ದರು. ಮುಂದೇನಾಯಿತು ಎಂದು ನಾವು ಗಂಟುಬಿದ್ದರೆ ನಿನ್ನದು ಒಂದೇ ಉತ್ತರ: "ಆರೂ ಮಂದಿ ದಂಡಿ ಸೇರ್ತಾರ. ಯಾರೂ ಸಾಯಂಗಿಲ್ಲ. ನಾ ಅದೀನಲ್ಲ."

ಆಚೆ ದಡದ ಅತ್ತೆಯ ಊರಿಗೆಂದು ನಾವೆಲ್ಲ ಹೊಳೆ ದಂಡೆಯ ಊರಾದ ಗೂಗಲ್‌ನಲ್ಲಿ ಹರಿಗೋಲು ಹತ್ತಿದ್ದು ಮರುವರ್ಷದ ಮಳೆಗಾಲ. ಹೊಳೆಯ ನಡುವೆ ಅದು ಮಗುಚಿತು. ನೀನು ನನ್ನ ಜಡೆ ಹಿಡಿದು ಬಂಡೆಯ ತನಕ ಎಳೆದುಕೊಂಡು ಬಂದೆ. ಉಳಿದವರಿಗಾಗಿ ಮತ್ತೆ ಹೋದೆ. ಎಲ್ಲರೂ ಬಂದರು. "ನೀವು ನಡೀರಿ, ನಾ ಹಿಂದ ಬರ್ತೀನಿ" ಎಂದು ನೀನು ಒದರಿದ್ದು ಕೇಳಿಸಿತು. ಆಮೇಲೆ ನೀರಿನ ಸಪ್ಪಳವಷ್ಟೇ. ಹೊಳೆ ನಿನ್ನ ಹೆಣವನ್ನೂ ಕೊಡಲಿಲ್ಲ. ಅವ್ವ ಈಗಲೂ ಮುಂಬಾಗಿಲಿಗೆ ಅಗಳಿ ಹಾಕಗೊಡುವುದಿಲ್ಲ.

ಹೋದ ವಾರ ಕಾಕಾ ರಾಯಚೂರಿನಲ್ಲಿ ಆ ಕ್ಯಾಸೆಟ್ಟನ್ನು ರಿಪೇರಿ ಮಾಡಿಸಿಕೊಂಡು ಬಂದರು. ಉರಿಬಿಸಿಲಿನ ಮಧ್ಯಾಹ್ನ ಕಿಟಕಿ ಮುಚ್ಚಿ ಓಣಿಯ ಹುಡುಗರು ಕೂತರು. "ಅಕ್ಕಾ, ಅಣ್ಣನ ಕತಿ ನೀ ಹೇಳು" ಅಂದರು. ಹೇಳಿದೆ. ಈ ಸಲ ರೀಲು ನಿಲ್ಲಲೇ ಇಲ್ಲ. ದೋಣಿ ದಂಡೆಗೆ ತಾಗಿತು. ಇಳಿದವರು ಐದೇ ಮಂದಿ, ಅಣ್ಣಾ. ಬ್ಯಾಟರಿಯವನಿಲ್ಲ. ದೂರದಲ್ಲಿ, ನೀರಿನ ಅಡಿಯಲ್ಲಿ, ಆ ಬೆಳಕು ಮಾತ್ರ ಉರಿಯುತ್ತಿತ್ತು. ಅಲ್ಲಿಂದ ಒಂದು ದನಿ ಏನೋ ಹೇಳಿತು.

"ಏನಂದ, ಅಕ್ಕಾ?"

ನನಗೆ ಜಪಾನಿ ಎಲ್ಲಿ ಬರಬೇಕು? ಆದರೂ ಬಾಯಿ ತಾನೇ ತೆರೆಯಿತು. "ನೀವು ನಡೀರಿ, ನಾ ಹಿಂದ ಬರ್ತೀನಿ." ಅದು ನನ್ನ ದನಿಯಾಗಿರಲಿಲ್ಲ. ಹುಡುಗರು ನನ್ನಿಂದ ದೂರ ಸರಿದು ಕೂತರು. ಒಳಗಿಂದ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಅವ ಬಂದನೇನಬೇ?" ಎಂದು ಕೇಳಿ, ನಮ್ಮೆಲ್ಲರ ಮುಖ ನೋಡಿ, ತಿರುಗಿ ಒಳಗೆ ಹೋದಳು.

ಆ ಕೊನೆ ನಿನಗೆ ಮೊದಲೇ ಗೊತ್ತಿತ್ತಾ? ನಾವಿಲ್ಲದಾಗ ಒಬ್ಬನೇ ಕೂತು ನೋಡಿದ್ದೆಯಾ, ಇಲ್ಲಾ... ಬಿಡು. ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ನೀನಿಲ್ಲದೆ ಈ ಮನೆಯಲ್ಲಿ ಇರಲಾಗುವುದಿಲ್ಲ.

ನಾಳೆ ಮತ್ತೆ ಹಾಕು ಎಂದು ಹುಡುಗರು ಬೆನ್ನು ಹತ್ತಿದ್ದಾರೆ. ದೋಣಿ ದಂಡೆಯ ಹತ್ತಿರ ಬಂದ ಕೂಡಲೇ ಈ ಸಲ ನಾನೇ ಬಂದ್ ಮಾಡುತ್ತೇನೆ. ಆರೂ ಮಂದಿ ದಂಡೆ ಸೇರಿದರು ಎಂದು ನೀನು ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ. ನಾಳೆ ಅವ್ವನೂ ಬಂದು ಕೂಡುತ್ತಾಳಂತೆ.